ಪಂಚೆ ಉಟ್ಟವರು ಮೊದಲೇ ದುಡ್ಡು ಕಟ್ಟಬೇಕಂತೆ

ಕಳೆದ ವಾರ, ಗ್ರಾಹಕ ಆಯೋಗದಲ್ಲಿ ಹೋಟೆಲೊಂದರ ಮೇಲೆ ಹಾಕಿದ್ದ ನಮ್ಮ ಕೇಸು ಮುಗಿಯಿತು. ಒಂದು ಮಧ್ಯಾಹ್ನದ ಊಟಕ್ಕೆ ಎಂಟು ತಿಂಗಳು. ಹೋಟೆಲಿನ ಹೆಸರು ಇಲ್ಲಿ ಬರೆಯುವುದಿಲ್ಲ. ರಾಜಿಯಾಗಿದೆ, ಅದೂ ಅಲ್ಲದೆ ಹೆಸರು ಗೊತ್ತಾದರೆ ನಿಮಗೇನೂ ಲಾಭವಿಲ್ಲ. ದಾರಿ ಗೊತ್ತಾದರೆ ಲಾಭವಿದೆ. ನನಗೆ ಮೊದಲ ಎರಡು ತಿಂಗಳು ಯಾರನ್ನು ಕೇಳಬೇಕು ಅನ್ನುವುದೇ ಗೊತ್ತಿರಲಿಲ್ಲ.

2025ರ ಫೆಬ್ರವರಿ 15, ಶನಿವಾರ. ಅಪ್ಪನಿಗೆ ಎಡಗಣ್ಣಿನ ಪೊರೆ ತೆಗೆಸಿ ಹತ್ತು ದಿನವಾಗಿತ್ತು. ಅರಸೀಕೆರೆ ಕಡೆಯ ನಮ್ಮ ಹಳ್ಳಿಯಿಂದ ಅಪ್ಪ ಅಮ್ಮ ಇಬ್ಬರೂ ಬೆಂಗಳೂರಿಗೆ ಚೆಕಪ್‌ಗೆ ಬಂದಿದ್ದರು. ಆಸ್ಪತ್ರೆಯಿಂದ ಹೊರಬರುವಾಗ ಹನ್ನೆರಡೂವರೆ. ಅಪ್ಪ ಎದುರಿಗಿದ್ದ ದರ್ಶಿನಿ ತೋರಿಸಿ 'ಇಲ್ಲೇ ಒಂದ್ ರೈಸ್‌ಬಾತ್ ತಿನ್ನಣ' ಅಂದರು. ಧೂಳು, ನಿಂತು ತಿನ್ನೋದು, ಕಣ್ಣಿಗೆ ಒಳ್ಳೇದಲ್ಲ ಅಂತ ನಾನೇ ಹಟ ಮಾಡಿ ಪಕ್ಕದ ಬೀದಿಯ ಏಸಿ ರೆಸ್ಟೋರೆಂಟಿಗೆ ಕರೆದುಕೊಂಡು ಹೋದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಮೇಲೆ ಓಡಾಡಿದ್ದರಲ್ಲಿ ಅರ್ಧ, ನಾನೇ ಕರೆದೊಯ್ದೆನಲ್ಲ ಅನ್ನುವ ಚುರುಕಿಗೇ.

ಅಪ್ಪ ಬಿಳಿ ಪಂಚೆ, ತೋಳು ಮಡಚಿದ ಅಂಗಿ, ಹೆಗಲ ಮೇಲೆ ಟವೆಲು, ಆಸ್ಪತ್ರೆಯವರು ಕೊಟ್ಟ ಕಪ್ಪು ಕನ್ನಡಕ. ಅಮ್ಮನ ಕೈಯಲ್ಲಿ ವೈರ್ ಬ್ಯಾಗು. ಬಾಗಿಲಲ್ಲಿದ್ದ ಹುಡುಗಿ ನನ್ನನ್ನು ನೋಡಿ ನಕ್ಕು, ಅವರಿಬ್ಬರನ್ನು ನೋಡಿ 'ರಿಸರ್ವೇಷನ್ ಇದೆಯಾ?' ಅಂದಳು. ಇಲ್ಲ ಅಂದೆ. ಕಿಟಕಿ ಪಕ್ಕ ನಾಲ್ಕು ಟೇಬಲ್ ಖಾಲಿ ಇದ್ದವು. ಎಲ್ಲಾ ಬುಕ್ ಆಗಿವೆ ಅಂತ ಹೇಳಿ ಒಳಗೆ, ಕೈ ತೊಳೆಯುವ ಬೇಸಿನ್ನಿನ ಪಕ್ಕ, ಅಡುಗೆಮನೆಯ ಬಾಗಿಲು ತೆಗೆದಾಗಲೆಲ್ಲ ಬೆನ್ನಿಗೆ ಬಿಸಿಗಾಳಿ ಹೊಡೆಯುವ ಟೇಬಲ್ಲಿಗೆ ಕರೆದೊಯ್ದಳು. ಐದು ನಿಮಿಷಕ್ಕೆ ಒಂದು ಜೋಡಿ ಬಂತು. ಅವರಿಗೂ ಅದೇ ಪ್ರಶ್ನೆ, ಅವರದೂ 'ಇಲ್ಲ' ಅನ್ನೋ ಉತ್ತರ. ಅವರು ಕೂತಿದ್ದು ಕಿಟಕಿ ಪಕ್ಕ.

ಸಪ್ಲೈ ಮಾಡಲು ಬಂದವನು ಇಪ್ಪತ್ತರ ಆಸುಪಾಸಿನ ಹುಡುಗ. ಪಕ್ಕದ ಟೇಬಲ್ಲಿಗೆಲ್ಲ ಸರ್, ಮೇಡಂ. ನಮ್ಮ ಅಪ್ಪನಿಗೆ 'ನಿಂಗೇನು?' ಅಂದ. ನಾವು ಕೇಳದೇ ಎರಡು ನೀರಿನ ಬಾಟಲಿ ಟಕ್ಕಂತ ಮುಚ್ಚಳ ತಿರುವಿ ಇಟ್ಟ. ಮೂರು ಥಾಲಿ ಹೇಳಿದೆವು. ಹೋದವನು ವಾಪಸ್ ಬಂದು ನನ್ನ ಕಿವಿಯ ಹತ್ತಿರ ಬಗ್ಗಿ, 'ಅಕ್ಕ, ಬಿಲ್ ಈಗ್ಲೇ ಕಟ್ಬೇಕಂತೆ' ಅಂದ.

'ಇದು ಸೆಲ್ಫ್ ಸರ್ವಿಸ್ಸಾ ತಮ್ಮಾ?'

'ಅಲ್ಲ ಅಕ್ಕ. ಮ್ಯಾನೇಜರ್ ಹೇಳವ್ರೆ.'

'ಅವರೂ ಕಟ್ಟಿದಾರಾ?' ಕಿಟಕಿ ಕಡೆ ತೋರಿಸಿದೆ. ಅವನು ನನ್ನ ಮುಖ ನೋಡಲಿಲ್ಲ, ಗಲ್ಲಾಪೆಟ್ಟಿಗೆ ಕಡೆ ನೋಡಿದ.

ಆಗಲೇ ಎದ್ದು ಬರಬೇಕಿತ್ತು. ನಾನು ಫೋನ್ ತೆಗೆದು ಕಟ್ಟಿಬಿಟ್ಟೆ. ಅಷ್ಟರಲ್ಲಿ ಅಪ್ಪನಿಗೆ ಅರ್ಥವಾಗಿತ್ತು. ಅವರ ಕೈ ಅಂಗಿಯ ಒಳಜೇಬಿಗೆ ಹೋಯಿತು. ಆಸ್ಪತ್ರೆಗೆಂದು ರಬ್ಬರ್ ಬ್ಯಾಂಡ್ ಹಾಕಿ ತಂದಿದ್ದ ನೋಟಿನ ಕಂತೆ ತೆಗೆದು, ಎಲ್ಲರಿಗೂ ಕಾಣುವ ಹಾಗೆ ಟೇಬಲ್ ಮೇಲಿಟ್ಟರು. ಅಮ್ಮನಿಗೆ ಮೆತ್ತಗೆ, 'ದುಡ್ಡಿಲ್ಲ ಅನ್ಕಂಡವ್ರೆ ಕಣೇ' ಅಂದರು.

ಊಟ ಬಂದಿದ್ದು ಅರ್ಧ ಗಂಟೆ ಕಳೆದು. ಅಪ್ಪ ಒಂದು ರೊಟ್ಟಿ, ಎರಡು ತುತ್ತು ಅನ್ನ ತಿಂದು ಕೈ ಬಿಟ್ಟರು. 'ತಟ್ಟೆನೂ ನಾವೇ ತೊಳೀಬೇಕಾ ಕೇಳವ್ವ' ಅಂದರು. ತಮಾಷೆಗೆ ಅಂದರೋ ನಿಜವಾಗಿ ಕೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮ್ಯಾನೇಜರನ್ನು ಕೇಳಿದೆ. 'ಪಾಲಿಸಿ ಮೇಡಂ' ಅಂದರು. ಎಲ್ಲಿ ಬರೆದಿದೆ ಅಂದೆ. 'ಕೆಲವು ಟೇಬಲ್‌ಗೆ ಮಾತ್ರ.' ದೂರು ಬರೆಯುವ ಪುಸ್ತಕ ಕೊಡಿ ಅಂದರೆ ಇಲ್ಲ. ಗಾಜಿನ ಬಾಗಿಲಿನ ಮೇಲೆ ಅಂಟಿಸಿದ್ದ 'ಪ್ರವೇಶದ ಹಕ್ಕು ಕಾಯ್ದಿರಿಸಲಾಗಿದೆ' ಅನ್ನುವ ಚೀಟಿ ತೋರಿಸಿದರು. ಅದರ ಫೋಟೊ ಹೊಡೆದುಕೊಂಡೆ. ಹಿಂದಿನಿಂದ ಅಪ್ಪ, 'ನಡಿಯವ್ವ, ಬಿಸ್ಲು ಏರ್ತದೆ.'

ಇಲ್ಲಿ ಒಂದು ಮಾತು. ಇಂಥದ್ದು ನಿಮಗಾದರೆ ಜಗಳಕ್ಕಿಂತ ಮೊದಲು ಕಾಗದ ನೋಡಿಕೊಳ್ಳಿ. ಅವಮಾನಕ್ಕೆ ರಸೀದಿ ಕೊಡುವುದಿಲ್ಲ, ಆದರೆ ಅದರ ಸುತ್ತಮುತ್ತ ಬೇಕಾದಷ್ಟು ಗುರುತು ಉಳಿದಿರುತ್ತವೆ. ನಮ್ಮ ಬಿಲ್ಲಿನ ಮೇಲೆ ಸಮಯ 1:07 ಅಂತಿತ್ತು. ಯುಪಿಐ ದುಡ್ಡು ಹೋಗಿದ್ದು 1:09ಕ್ಕೆ. ತಂಗಿಗೆ ಕಳಿಸಲೆಂದು ಅಪ್ಪನ ಮುಂದೆ ತುಂಬಿದ ತಟ್ಟೆ ಇರುವ ಫೋಟೊ ಹೊಡೆದಿದ್ದೆ, ಅದರ ಸಮಯ 1:41. ಊಟಕ್ಕೆ ಅರ್ಧ ಗಂಟೆ ಮುಂಚೆ ದುಡ್ಡು ತೆಗೆದುಕೊಂಡಿದ್ದಾರೆ ಅನ್ನುವುದಕ್ಕೆ ಈ ಮೂರೇ ಸಾಕ್ಷಿ, ಕೊನೆಯವರೆಗೂ ನಿಂತಿದ್ದೂ ಇವೇ. ಥರ್ಮಲ್ ಕಾಗದದ ಬಿಲ್ಲು ಬೇಗ ಮಾಸುತ್ತದೆ, ಅವತ್ತೇ ಸ್ಕ್ಯಾನ್ ಮಾಡಿ. ಅದೇ ರಾತ್ರಿ ಹೋಟೆಲಿನ ಮಿಂಚಂಚೆಗೆ ದಿನಾಂಕ, ಹೊತ್ತು, ಟೇಬಲ್ ಎಲ್ಲಿತ್ತು ಎಂಬುದನ್ನು ಬರೆದು 'ಸಿಸಿಟಿವಿ ದೃಶ್ಯ ಅಳಿಸಬೇಡಿ' ಎಂದು ಕೇಳಿ. ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗುತ್ತಾ ಹೋಗುತ್ತದೆ. ನಾನು ಕೇಳಿದ್ದು ಐದನೇ ದಿನ. ಉತ್ತರ ಬರಲಿಲ್ಲ, ಆದರೆ ಕೇಳಿದ್ದಕ್ಕೆ ದಾಖಲೆ ಉಳಿಯಿತು.

ಬಿಲ್ಲು ಹೀಗಿತ್ತು: ಮೂರು ಥಾಲಿ 1,260, ನೀರು 120, ಸರ್ವಿಸ್ ಚಾರ್ಜ್ ಶೇ. 10ರಂತೆ 138, ಅದರ ಮೇಲೆ ಶೇ. 5 ಜಿಎಸ್‌ಟಿ. ಒಟ್ಟು 1,594 ರೂಪಾಯಿ. ಸೇವೆಯನ್ನೇ ಮಾಡದೆ ಸೇವಾ ಶುಲ್ಕ, ಅದೂ ಮುಂಗಡ!

ಮನೆಗೆ ಬಂದು ಕಾನೂನು ಹುಡುಕಲು ಕೂತೆ. ಸಂವಿಧಾನದ 15(2)ನೇ ವಿಧಿ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲ್ ಇವುಗಳ ಹೆಸರನ್ನೇ ಹೇಳಿ ಅಲ್ಲಿಗೆ ಹೋಗಲು ಯಾರಿಗೂ ಅಡ್ಡಿ ಮಾಡಬಾರದು ಅನ್ನುತ್ತದೆ. ಓದಿ ಗೆದ್ದೆ ಅಂದುಕೊಂಡೆ. ಆದರೆ ಅದು ಹೇಳುವುದು ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಬಗ್ಗೆ. ಪಂಚೆ ಆ ಪಟ್ಟಿಯಲ್ಲಿಲ್ಲ. ಜಾತಿ ಕೇಳಿ ಬೇರೆ ಕೂರಿಸಿದ್ದರೆ, ಬೇರೆ ಲೋಟ ಕೊಟ್ಟಿದ್ದರೆ ದಾರಿಯೇ ಬೇರೆ. ಅದು ಅಸ್ಪೃಶ್ಯತೆ, 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ, 1989ರ ದೌರ್ಜನ್ಯ ತಡೆ ಕಾಯ್ದೆ ಇವೆ, ಸೀದಾ ಪೊಲೀಸ್ ಠಾಣೆಗೆ ಹೋಗಬೇಕಾದ ವಿಷಯ, ನನ್ನ ಹಾಗೆ ಗ್ರಾಹಕ ಆಯೋಗಕ್ಕೆ ಅಲ್ಲ. ಉಡುಗೆಯ ವಿಷಯಕ್ಕೆಂದೇ ತಮಿಳುನಾಡು 2014ರಲ್ಲಿ ಒಂದು ಕಾಯ್ದೆ ಮಾಡಿತು, ಚೆನ್ನೈನ ಕ್ಲಬ್ಬೊಂದರಲ್ಲಿ ಪಂಚೆ ಉಟ್ಟ ಹೈಕೋರ್ಟ್ ನ್ಯಾಯಮೂರ್ತಿಯನ್ನೇ ಹೊರಗೆ ನಿಲ್ಲಿಸಿದ ಮೇಲೆ. ನಮ್ಮಲ್ಲಿ 2024ರ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲ್‌ನಲ್ಲಿ ಪಂಚೆ ಉಟ್ಟಿದ್ದಕ್ಕೆ ಹಾವೇರಿ ಕಡೆಯ ರೈತರೊಬ್ಬರನ್ನು ಒಳಗೆ ಬಿಡದಿದ್ದಾಗ ವಿಧಾನಸಭೆಯಲ್ಲಿ ಗದ್ದಲವಾಗಿ, ಮಾಲನ್ನು ಏಳು ದಿನ ಮುಚ್ಚಿಸುತ್ತೇವೆ ಎಂದು ಸರ್ಕಾರವೇ ಹೇಳಿತ್ತು. ಆದರೆ ಅಲ್ಲಿ ಯಾರೋ ಮೊಬೈಲಿನಲ್ಲಿ ಚಿತ್ರ ತೆಗೆದಿದ್ದರು. ನಮ್ಮನ್ನು ಒಳಗೆ ಬಿಟ್ಟಿದ್ದರು, ಊಟವನ್ನೂ ಕೊಟ್ಟಿದ್ದರು. ಅದೇ ಕಷ್ಟ.

ಸೋಮವಾರ 1915ಕ್ಕೆ ಕರೆ ಮಾಡಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆಯ ಹೆಣ್ಣುಮಗಳು ತಾಳ್ಮೆಯಿಂದ ಕೇಳಿಸಿಕೊಂಡರು. ಕೊನೆಗೆ, 'ಮೇಡಂ, ನಿಮಗಾದ ನಷ್ಟ ಎಷ್ಟು ಅಂತ ಬರೀಲಿ?' ಅಪ್ಪ ಟೇಬಲ್ ಮೇಲಿಟ್ಟ ನೋಟಿನ ಕಂತೆ ಕಣ್ಣ ಮುಂದೆ ಬಂತು. 'ನೂರ ಮೂವತ್ತೆಂಟು ರೂಪಾಯಿ' ಅಂದೆ. ಸರ್ವಿಸ್ ಚಾರ್ಜ್ ಕಡ್ಡಾಯವಾಗಿ ಹಾಕುವಂತಿಲ್ಲ ಎಂದು ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಮಾರ್ಗಸೂಚಿ ಹೊರಡಿಸಿದೆ. ಕಾನೂನಿಗೆ ಹಿಡಿಯಲು ಸಿಕ್ಕ ಜುಟ್ಟು ಅದೊಂದೇ. ನಾವು ಒಳಗೆ ನುಗ್ಗಿದ್ದು ಆ 138 ರೂಪಾಯಿ ಹಿಡಿದುಕೊಂಡೇ. ನೀರಿನ ಬಾಟಲಿಯ ದರದ ಹಿಂದೆ ಮಾತ್ರ ಬೀಳಬೇಡಿ. ಕೂತು ತಿನ್ನುವ ಹೋಟೆಲಿನಲ್ಲಿ ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟೇ ಹೇಳಿಬಿಟ್ಟಿದೆ.

ಸಹಾಯವಾಣಿಗೆ ಕೊಟ್ಟ ದೂರಿಗೆ ಮೂರು ವಾರದ ಮೇಲೆ ಹೋಟೆಲಿನವರ ಉತ್ತರ ಬಂತು: 'ನಿಮ್ಮ ಅನುಭವಕ್ಕೆ ವಿಷಾದಿಸುತ್ತೇವೆ', ಜೊತೆಗೆ 500 ರೂಪಾಯಿಯ ವೋಚರ್. ಅದೇ ಹೋಟೆಲಿನದು. ಫೋನಲ್ಲಿ ಅಮ್ಮನಿಗೆ ಹೇಳಿದರೆ 'ಮತ್ತೆ ಅಲ್ಲಿಗೆ ಹೋಗ್ಬೇಕಾ?' ಅಂತ ನಿಜವಾಗಲೂ ಗಾಬರಿಯಾದರು.

ಅಷ್ಟರಲ್ಲಿ ನಾನು ಇನ್ನೊಂದು ಕೆಲಸ ಮಾಡಿದ್ದೆ. ಆಫೀಸಿನ ಇಬ್ಬರು ಗೆಳೆಯರನ್ನು ಮುಂದಿನ ಶನಿವಾರ ಅದೇ ಹೊತ್ತಿಗೆ ಅಲ್ಲಿಗೆ ಊಟಕ್ಕೆ ಕಳಿಸಿದೆ. ಜೀನ್ಸ್, ಟೀ ಶರ್ಟ್, ರಿಸರ್ವೇಷನ್ ಇಲ್ಲ. ಕಿಟಕಿ ಪಕ್ಕ ಟೇಬಲ್ ಸಿಕ್ಕಿತು. ಬಿಲ್ಲು ಬಂದಿದ್ದು ಊಟ ಮುಗಿದು ಐಸ್‌ಕ್ರೀಂ ತಿಂದ ಮೇಲೆ. ಅವರ ಊಟಕ್ಕೆ ನನಗೆ 1,210 ರೂಪಾಯಿ ಖರ್ಚಾಯಿತು. ಇಡೀ ಕೇಸಿನಲ್ಲಿ ಇಷ್ಟು ಸಾರ್ಥಕವಾಗಿ ಖರ್ಚಾದ ದುಡ್ಡು ಬೇರೆ ಇಲ್ಲ. ಇಬ್ಬರೂ ನಡೆದದ್ದನ್ನು ಬರೆದು ಸಹಿ ಹಾಕಿ ಕೊಟ್ಟರು.

ಆಯೋಗಕ್ಕೆ ಹೋಗುವ ಮುಂಚೆ ಹೋಟೆಲಿಗೆ ನೋಟಿಸ್ ಕಳಿಸುವಾಗ ಇನ್ನೊಂದು ತೊಡಕು. ಬೋರ್ಡಿನ ಮೇಲಿರುವ ಹೆಸರು ಹೋಟೆಲಿನದು, ಮಾಲೀಕತ್ವ ಬೇರೆಯದೇ ಹೆಸರಿನ ಕಂಪನಿಯದು. ಬೋರ್ಡಿನ ಹೆಸರಿಗೆ ಕಳಿಸಿದ ಮೊದಲ ಲಕೋಟೆ ವಾಪಸ್ ಬಂತು. ಬಿಲ್ಲಿನ ಮೇಲಿರುವ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಜಾಲತಾಣದಲ್ಲಿ ಹಾಕಿದರೆ ಕಂಪನಿಯ ಅಸಲಿ ಹೆಸರು ಸಿಗುತ್ತದೆ. ಇದಕ್ಕೆ ಲಾಗಿನ್ ಏನೂ ಬೇಡ, ಎರಡು ನಿಮಿಷದ ಕೆಲಸ. ಅದು ಗೊತ್ತಿಲ್ಲದೆ ನಾನು ಹದಿನೈದು ದಿನ ಕಳೆದುಕೊಂಡೆ. ಆ ತಡ ಒಂದು ರೀತಿ ಒಳ್ಳೆಯದೇ ಆಯಿತು. ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಸರ್ವಿಸ್ ಚಾರ್ಜಿನ ಮಾರ್ಗಸೂಚಿಯನ್ನು ಎತ್ತಿಹಿಡಿದು ಹೋಟೆಲ್ ಸಂಘಗಳ ಅರ್ಜಿ ವಜಾ ಮಾಡಿತು. ಏಪ್ರಿಲ್‌ನಲ್ಲಿ ಕಳಿಸಿದ ಎರಡನೇ ನೋಟಿಸಿನಲ್ಲಿ ಅದನ್ನೂ ಸೇರಿಸಿದೆ. ಹದಿನೈದು ದಿನ ಗಡುವು ಕೊಟ್ಟೆ. ಅದಕ್ಕೂ ಮೌನ.

ಇನ್ನು ದೂರು. ದುಡ್ಡು ಕೊಟ್ಟವಳು ನಾನು, ಅವಮಾನ ಆದದ್ದು ಅಪ್ಪನಿಗೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದುಡ್ಡು ಕೊಟ್ಟವರ ಒಪ್ಪಿಗೆಯಿಂದ ಸೇವೆ ಪಡೆದವರೂ ಗ್ರಾಹಕರೇ. ಹಾಗಾಗಿ ಇಬ್ಬರೂ ದೂರುದಾರರಾಗಬಹುದು. ಆದರೆ ಅಪ್ಪನ ಸಹಿ ಬೇಕು, ಪ್ರಮಾಣಪತ್ರ ಬೇಕು. ಊರಿಗೆ ಹೋದೆ. ಅಪ್ಪ ಜಗುಲಿಯ ಮೇಲೆ ಕೊಬ್ಬರಿ ಆರಿಸುತ್ತಾ ಕೂತಿದ್ದರು. 'ಉಣ್ಣಕೆ ಇಕ್ಕುದ್ರು, ದುಡ್ಡು ತಕಂಡ್ರು. ಇದ್ರಾಗೆ ಕೋಲ್ಟು ಯಾಕವ್ವ?' ಅಂದರು. ನನಗೂ ಹೌದಲ್ಲ ಅನ್ನಿಸಿತು. ಬಿಟ್ಟುಬಿಡೋಣ ಅಂತಲೇ ರಾತ್ರಿ ಮಲಗಿದ್ದು.

ಬೆಳಗ್ಗೆ ಹಿತ್ತಲಲ್ಲಿ ಅಮ್ಮ ಹೇಳಿದರು, 'ನಿಮ್ಮಪ್ಪ ಪ್ಯಾಂಟ್ ಹೊಲ್ಸಕೆ ಕೊಟ್ಟವ್ರೆ ಕಣೆ. ಬೆಂಗ್ಳೂರ್ಗೆ ಹೋಗ್ವಾಗ ಬೇಕು ಅಂತ.'

ಅಪ್ಪನಿಗೆ ಅರವತ್ತೆಂಟು ವರ್ಷ. ಮದುವೆಯ ದಿನವೂ ಪ್ಯಾಂಟ್ ಹಾಕಿದವರಲ್ಲ. ನಾನು ಕಾಗದ ತೆಗೆದುಕೊಂಡು ಹೋಗಿ ಮುಂದೆ ಇಟ್ಟೆ. ಏನೂ ಮಾತಾಡಲಿಲ್ಲ. ಅವರೂ ಮಾತಾಡದೆ ಸಹಿ ಹಾಕಿದರು.

ದೂರು ಸಲ್ಲಿಸಿದ್ದು ಮೇ 19ರಂದು, ಗ್ರಾಹಕ ಆಯೋಗಗಳಿಗೆ ದೂರು ಕೊಡುವ ಇ-ಜಾಗೃತಿ ಜಾಲತಾಣದಲ್ಲಿ. ವಕೀಲರು ಬೇಕೇಬೇಕು ಅಂತಿಲ್ಲ. ನಾನೇ ಬರೆದೆ, ಗೆಳತಿಯ ಅಣ್ಣ ವಕೀಲರು, ಒಮ್ಮೆ ಕಣ್ಣಾಡಿಸಿ ನನ್ನ ಆರು ಪುಟದ ಸಿಟ್ಟನ್ನು ಎರಡೂವರೆ ಪುಟಕ್ಕೆ ಇಳಿಸಿಕೊಟ್ಟರು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಗಮನಿಸಿ, ಇದು ನಾವು ಕೇಳುವ ಪರಿಹಾರದ ಲೆಕ್ಕವಲ್ಲ, ಹೋಟೆಲಿಗೆ ಕೊಟ್ಟ ದುಡ್ಡಿನ ಲೆಕ್ಕ. ಘಟನೆಯಾದ ಎರಡು ವರ್ಷದೊಳಗೆ ಸಲ್ಲಿಸಬೇಕು. ಹೋಟೆಲ್ ಇರುವ ಜಿಲ್ಲೆಯಲ್ಲೇ ಅಲ್ಲ, ದೂರುದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೂ ಹಾಕಬಹುದು. ಹಾಸನದಲ್ಲಿ ಹಾಕಿದ್ದರೆ ಅಪ್ಪನಿಗೆ ಓಡಾಟ ತಪ್ಪುತ್ತಿತ್ತು. ಇದು ನನಗೆ ತಿಳಿದಿದ್ದು ಬೆಂಗಳೂರಿನಲ್ಲಿ ಹಾಕಿದ ಮೇಲೆ. ವಯಸ್ಸಾದವರಿದ್ದರೆ ನೀವು ಈ ತಪ್ಪು ಮಾಡಬೇಡಿ.

ಒಂದು ಸಲ ಆಕ್ಷೇಪಣೆ ಹಾಕಿ ವಾಪಸ್ ಕಳಿಸಿದರು: ಪುಟಸಂಖ್ಯೆ ಇಲ್ಲ, ದಾಖಲೆಗಳ ಪಟ್ಟಿ ಇಲ್ಲ, ಅಪ್ಪನ ಪ್ರಮಾಣಪತ್ರಕ್ಕೆ ನೋಟರಿ ಮುದ್ರೆ ಮಸುಕಾಗಿದೆ. ಮತ್ತೊಮ್ಮೆ ಊರಿಗೆ, ಮತ್ತೊಮ್ಮೆ ನೋಟರಿ. ಜೂನ್ 16ಕ್ಕೆ ದಾಖಲಾಯಿತು.

ಮೊದಲ ವಾಯಿದೆಗೆ ಅಪ್ಪನೂ ಬಂದರು. ಪ್ಯಾಂಟ್ ಹಾಕಿಕೊಂಡು ಬರುತ್ತಾರೇನೋ ಅಂತ ಸ್ಟೇಷನ್ನಿನಲ್ಲಿ ಎದೆ ಹೊಡೆದುಕೊಳ್ಳುತ್ತಾ ನಿಂತಿದ್ದೆ. ಪಂಚೆಯಲ್ಲೇ ಇಳಿದರು. ಆಯೋಗದ ಬಾಗಿಲಲ್ಲಿ ನಿಂತು 'ಹಿಂಗೇ ಬುಡ್ತಾರಾ?' ಅಂತ ಕೇಳಿದರು. ಅಟೆಂಡರ್ 'ಬನ್ನಿ ಯಜಮಾನ್ರೆ, ಇಲ್ ಕೂತ್ಕಳಿ' ಅಂತ ಫ್ಯಾನಿನ ಕೆಳಗಿನ ಬೆಂಚು ತೋರಿಸಿದರು. ಎರಡು ಗಂಟೆ ಕಾದೆವು. ನಮ್ಮ ಹೆಸರು ಕೂಗಿದರು, ಎದುರುದಾರರ ವಕೀಲರು ಸಮಯ ಕೇಳಿದರು, ಮುಂದಿನ ತಾರೀಖು ಕೊಟ್ಟರು. ಮೂರು ನಿಮಿಷವೂ ಆಗಲಿಲ್ಲ. ಹೀಗಾಗುತ್ತದೆ ಅಂತ ಗೊತ್ತಿದ್ದೇ ಹೋಗಿ, ಇಲ್ಲವಾದರೆ ಅಳು ಬರುತ್ತದೆ. ವಿಡಿಯೊ ಮೂಲಕ ಹಾಜರಾಗಲು ಅವಕಾಶ ಕೇಳಬಹುದು. ಆಮೇಲಿನ ಎರಡು ವಾಯಿದೆಗೆ ನಾನು ಹಾಗೇ ಮಾಡಿದೆ.

ನೋಟಿಸ್ ತಲುಪಿದ ಮೇಲೆ ತಕರಾರು ಸಲ್ಲಿಸಲು ಎದುರುದಾರರಿಗೆ 30 ದಿನ, ಆಯೋಗ ಒಪ್ಪಿದರೆ ಇನ್ನೂ 15. ಅವರು 44ನೇ ದಿನ ಸಲ್ಲಿಸಿದರು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದರಲ್ಲಿ ಹೋಟೆಲಿನವರು ಹೇಳಿದ್ದು ಇಷ್ಟು: ಮುಂಗಡ ಹಣ ಕೇಳುವ ನಿಯಮ ನಮ್ಮಲ್ಲಿ ಇಲ್ಲ. ಅದು ಒಬ್ಬ ಸಪ್ಲೈಯರ್ ತನ್ನಿಷ್ಟಕ್ಕೆ ಮಾಡಿದ ಕೆಲಸ. 'ಸದರಿ ನೌಕರನನ್ನು ಕೆಲಸದಿಂದ ತೆಗೆದುಹಾಕಲಾಗಿದೆ'.

ಆ ಹುಡುಗ ನನ್ನ ಮುಖ ನೋಡಲಾಗದೆ ಗಲ್ಲಾ ಕಡೆ ನೋಡಿದ್ದು ನೆನಪಿಗೆ ಬಂತು. ಪಾಲಿಸಿ ಅಂದಿದ್ದು ಮ್ಯಾನೇಜರ್. ಅದೇ ಮ್ಯಾನೇಜರ್ ಈಗ ಪ್ರಮಾಣಪತ್ರಕ್ಕೆ ಸಹಿ ಹಾಕಿದ್ದ. 2024ರ ಫೆಬ್ರವರಿಯಲ್ಲಿ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ ಬಟ್ಟೆ ಕೊಳೆಯಾಗಿದೆ ಅಂತ ರೈತರೊಬ್ಬರನ್ನು ತಡೆದಾಗಲೂ ಕೆಲಸ ಹೋಗಿದ್ದು ಬಾಗಿಲಲ್ಲಿದ್ದ ಭದ್ರತಾ ಮೇಲ್ವಿಚಾರಕನದು. ಆಗ ಆ ಸುದ್ದಿ ಓದಿ ಖುಷಿಪಟ್ಟವಳು ನಾನು. ಅಪ್ಪನಿಗೆ ಹೇಳಬಾರದು ಅಂದುಕೊಂಡೆ. ಆದರೆ ಉತ್ತರದ ಪ್ರಮಾಣಪತ್ರಕ್ಕೆ ಮತ್ತೆ ಅವರ ಸಹಿ ಬೇಕಿತ್ತು, ಓದಿ ಹೇಳದೆ ಸಹಿ ಹಾಕುವವರಲ್ಲ. ಕೇಳಿಸಿಕೊಂಡು ಬಹಳ ಹೊತ್ತು ಸುಮ್ಮನಿದ್ದರು. 'ನನ್ನ ದೆಸೆಯಿಂದ ಅವನ ಅನ್ನ ಹೋಯ್ತಾ?' ಅಂದರು. ಆಮೇಲೆ, 'ಇದನ್ನ ಸೇರ್ಸಿ ಬರಿ. ಆ ಹುಡ್ಗಂದು ತಪ್ಪಿಲ್ಲ ಅಂತ.' ಬರೆದೆ. ದೂರುದಾರರೇ ಎದುರು ಪಕ್ಷದ ನೌಕರನ ಪರವಾಗಿ ಪ್ರಮಾಣ ಮಾಡುವುದು ವಿಚಿತ್ರ ಅಂತ ವಕೀಲಣ್ಣ ನಕ್ಕರು. ಆದರೆ ಹೋಟೆಲಿನವರ ವಾದ ಬಿದ್ದುಹೋಗಿದ್ದು ಅಲ್ಲೇ. ಗೆಳೆಯರ ಬಿಲ್ಲು ಒಂದು ಕಡೆ, ಮ್ಯಾನೇಜರ್ 'ಕೆಲವು ಟೇಬಲ್‌ಗೆ' ಅಂದಿದ್ದನ್ನು ನಾನು ಅದೇ ವಾರ ಮಿಂಚಂಚೆಯಲ್ಲಿ ಬರೆದದ್ದು ಇನ್ನೊಂದು ಕಡೆ. ಅವರು ಅದಕ್ಕೆ ಆಗ ಉತ್ತರಿಸಿಯೇ ಇರಲಿಲ್ಲ.

ಸೆಪ್ಟೆಂಬರಿನ ವಾಯಿದೆಯಲ್ಲಿ ಅವರ ವಕೀಲರು ವರಾಂಡದಲ್ಲಿ ನನ್ನನ್ನು ಕರೆದು ಐದು ಸಾವಿರಕ್ಕೆ ಮುಗಿಸೋಣ ಅಂದರು. ಇಂಥ ಮಾತು ಬಂದಾಗ ಅಲ್ಲೇ ಹೂಂ ಅನ್ನಬೇಡಿ, ಬರಹದಲ್ಲಿ ಕೊಡಿ ಅನ್ನಿ. ಅಪ್ಪನನ್ನು ಕೇಳಿ ನಾಲ್ಕು ಷರತ್ತು ಬರೆದುಕೊಟ್ಟೆ: ಒಂದು, ಬಿಲ್ಲಿನ ಹಣ ಮತ್ತು ಖರ್ಚು; ಎರಡು, ಅಪ್ಪನ ಹೆಸರಿಗೆ ಕನ್ನಡದಲ್ಲಿ ಕ್ಷಮಾಪಣೆ ಪತ್ರ; ಮೂರು, ಯಾರನ್ನೂ ಮುಂಗಡ ಕೇಳಬಾರದು, ಸರ್ವಿಸ್ ಚಾರ್ಜ್ ಬಿಲ್ಲಿನಲ್ಲಿ ತಾನಾಗಿ ಸೇರಬಾರದು ಎಂದು ನೌಕರರಿಗೆ ಲಿಖಿತ ಸೂಚನೆ, ಅದರ ಪ್ರತಿ ನಮಗೆ; ನಾಲ್ಕು, ಆ ಹುಡುಗನನ್ನು ವಾಪಸ್ ತೆಗೆದುಕೊಳ್ಳುವುದು. ಮೊದಲ ಮೂರಕ್ಕೆ ಒಪ್ಪಿದರು. ನಾಲ್ಕನೆಯದಕ್ಕೆ, 'ಅವನು ಊರಿಗೆ ಹೋದ, ನಂಬರ್ ಸ್ವಿಚ್ ಆಫ್.' ಇನ್ನೂ ಎಳೆಯೋಣ ಅಂತ ನನಗಿತ್ತು. ಅಪ್ಪ ಸಾಕು ಅಂದರು. ಅಕ್ಟೋಬರಿನಲ್ಲಿ ಜಂಟಿ ಮೆಮೊ, ಅಂದರೆ ಎರಡೂ ಕಡೆಯವರು ಸಹಿ ಹಾಕಿದ ರಾಜಿ ಪತ್ರ ಹಾಕಿದೆವು, ಆಯೋಗ ದಾಖಲಿಸಿಕೊಂಡು ಮುಗಿಸಿತು. ಆದೇಶದ ದೃಢೀಕೃತ ಪ್ರತಿ ಕೇಳಿ ತೆಗೆದುಕೊಳ್ಳಿ, ದುಡ್ಡು ಬರದಿದ್ದರೆ ಅದೇ ಆಧಾರ.

ಖರ್ಚಿನ ಲೆಕ್ಕ: ಛಾಪಾಕಾಗದ, ನೋಟರಿ, ಜೆರಾಕ್ಸ್, ಅಂಚೆ, ಅಪ್ಪನ ರೈಲು, ಗೆಳೆಯರ ಊಟ, ನನ್ನ ಬಸ್ಸು ಎಲ್ಲ ಸೇರಿ 4,870 ರೂಪಾಯಿ. ರಜೆ ಆರು ದಿನ. ಬಂದದ್ದು ಬಿಲ್ಲಿನ 1,594 ಮತ್ತು ಖರ್ಚಿನ ಬಾಬ್ತು 10,000.

ಪತ್ರ ಊರಿಗೆ ಅಂಚೆಯಲ್ಲಿ ಬಂತು. ಅಪ್ಪ ಆಪರೇಷನ್ ಆದ ಕಣ್ಣಿಗೆ ಹತ್ತಿರ ಹಿಡಿದು, ಅಕ್ಷರ ಅಕ್ಷರ ಕೂಡಿಸಿ, ಅಮ್ಮನಿಗೆ ಕೇಳುವ ಹಾಗೆ ಓದಿದರಂತೆ. ಪಹಣಿ ಇಡುವ ಟ್ರಂಕಿನಲ್ಲಿ ಇಟ್ಟಿದ್ದಾರೆ. ಫೋನ್ ಮಾಡಿ ಕೇಳಿದ್ದು ಒಂದೇ: 'ಆ ಹುಡ್ಗನ ವಿಸ್ಯ ಏನೂ ಬರ್ದಿಲ್ವಲ್ಲವ್ವ?' ಇಲ್ಲ ಅಂದೆ.

ಬಲಗಣ್ಣಿನ ಆಪರೇಷನ್ ಡಿಸೆಂಬರಿನಲ್ಲಿ ಇದೆ. ಪ್ಯಾಂಟು ಇನ್ನೂ ದರ್ಜಿಯ ಹತ್ತಿರವೇ ಇದೆಯಂತೆ, ಯಾರೂ ತರಲು ಹೋಗಿಲ್ಲ. ಮಧ್ಯಾಹ್ನಕ್ಕೆ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡೇ ಬರ್ತೀವಿ, ನೀನು ಎಲ್ಲಿಗೂ ಕರ್ಕಂಡು ಹೋಗ್ಬೇಡ ಅಂತ ಅಮ್ಮ ಈಗಲೇ ಹೇಳಿಟ್ಟಿದ್ದಾರೆ.